ಕಡಲಾಚೆಯ ಮುಯ್ಯಿ

ಅಟ್ಟ ಗುಡಿಸುತ್ತಿದ್ದ ಮಗಳು ಮೇಲಿನಿಂದಲೇ ಕೂಗಿದಳು. “ಅಪ್ಪಾ, ಇಲ್ಲೊಂದು ಶೂ ಇದೆ. ಒಂದೇ ಒಂದು. ಎಡಗಾಲಿಂದು.”

“ಅದನ್ನ ಅಲ್ಲೇ ಬಿಡು” ಎಂದೆ.

“ಒಳಗೆಲ್ಲ ಮಣ್ಣು. ಒಣಗಿ ಕಲ್ಲಾಗಿದೆ. ಇನ್ನೊಂದೆಲ್ಲಿ?”

“ಸಮುದ್ರದಲ್ಲಿ.”

ಅಡುಗೆಮನೆಯಲ್ಲಿ ನನ್ನ ಹೆಂಡತಿ ಪಾತ್ರೆಯೊಂದನ್ನು ಅಗತ್ಯಕ್ಕಿಂತ ಸ್ವಲ್ಪ ಜೋರಾಗಿ ಕೆಳಗಿಟ್ಟಳು. ಈ ಶೂವಿನ ಕಥೆಯನ್ನು ಅವಳು ಮದುವೆಯಾದ ಹೊಸದರಲ್ಲಿ ಕುತೂಹಲದಿಂದ ಕೇಳಿದಳು, ಆಮೇಲಾಮೇಲೆ ಸಹನೆಯಿಂದ ಕೇಳಿದಳು, ಈಗ ಪಾತ್ರೆಗಳ ಮೂಲಕ ತನ್ನ ಅಭಿಪ್ರಾಯ ತಿಳಿಸುತ್ತಾಳೆ. ಆದ್ದರಿಂದ ನಿಮಗೆ ಹೇಳುತ್ತೇನೆ. ನಿಮ್ಮ ಕೈಯಲ್ಲಿ ಸದ್ಯಕ್ಕೆ ಪಾತ್ರೆ ಇರಲಾರದು ಎಂಬ ಧೈರ್ಯ ನನಗಿದೆ.

ಶೂವಿಗೆ ಮೊದಲು ಹಪ್ಪಳದ ಮಾತು ಬರಬೇಕು. ನಂಜನಗೂಡಿನಲ್ಲಿ ದೇವಸ್ಥಾನದ ಹಿಂದಿನ ಬೀದಿಯಲ್ಲಿ ನಮ್ಮ ಮನೆ. ಅಪ್ಪ ಪಾರಾಯಣ ಮಾಡುತ್ತಿದ್ದವರು. ಬೇಸಗೆ ಬಂತೆಂದರೆ ಬೀದಿಯ ಹೆಂಗಸರೆಲ್ಲ ತಮ್ಮ ತಮ್ಮ ಮಣೆ, ಲಟ್ಟಣಿಗೆ ಹಿಡಿದು ಒಂದು ಮನೆಗೆ ಹೋಗಿ ಹಪ್ಪಳ ಒತ್ತಿಕೊಡುವರು. ನಾಳೆ ಆ ಮನೆಯವರು ಇವರ ಮನೆಗೆ ಬಂದು ಒತ್ತಿಕೊಡಬೇಕು. ಇದಕ್ಕೆ ಮುಯ್ಯಿ ಎಂದು ಹೆಸರು. ಹೊಲಗದ್ದೆಯವರಲ್ಲೂ ಇದೇ ಪದ್ಧತಿ. ಇಂದು ನೀನು ನನ್ನ ಗದ್ದೆಗೆ, ನಾಳೆ ನಾನು ನಿನ್ನ ಗದ್ದೆಗೆ. ಕೂಲಿಯ ಮಾತಿಲ್ಲ, ಉಪಕಾರದ ಮಾತೂ ಇಲ್ಲ. ಕೆಲಸಕ್ಕೆ ಕೆಲಸ, ಆಳಿಗೆ ಆಳು.

ಒಂದು ಸಲ ನಮ್ಮ ಅಜ್ಜಿಗೆ ಸೊಂಟ ಹಿಡಿದುಕೊಂಡು, ಎದುರುಮನೆಯ ಮುಯ್ಯಿಗೆ ಅವರ ಬದಲು ನನ್ನನ್ನು ಕಳಿಸಿದರು. ಜಗಲಿಯ ಮೇಲೆ ಒಣಹಾಕಿದ ಹಪ್ಪಳಕ್ಕೆ ಕಾಗೆ ಬರದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಾನು ಕೊಡೆ ಬಿಚ್ಚಿ ಅದರ ನೆರಳಿನಲ್ಲಿ ಕೂತೆ. ಕೂತವನು ಒರಗಿದೆ. ಎಚ್ಚರವಾದಾಗ ಒಂದು ಹಸು, ಬಹಳ ನಿಧಾನವಾಗಿ, ಕೊನೆಯ ಸಾಲಿನ ಹಪ್ಪಳಗಳನ್ನು ಮುಗಿಸುತ್ತಿತ್ತು. ಎದುರುಮನೆಯವರು ದೊಡ್ಡವರು, “ಹೋಗಲಿ ಬಿಡಿ, ಗೋಮಾತೆ ತಿಂದಳು, ಪುಣ್ಯ” ಎಂದರು. ಅಜ್ಜಿ ಬಿಡಲಿಲ್ಲ. “ಪುಣ್ಯ ಅವರ ಲೆಕ್ಕಕ್ಕೆ ಹೋಯ್ತು. ಮುಯ್ಯಿ ನಮ್ಮ ತಲೆ ಮೇಲೇ ಇದೆ. ಏಳೋ” ಎಂದು ಮಾರನೆಯ ದಿನ ಮತ್ತೆ ಅಟ್ಟಿದರು. ಅಜ್ಜಿ ತೀರಿಕೊಂಡು ಬಹಳ ವರ್ಷದ ಮೇಲೆ, ಸಮುದ್ರದ ಆಚೆ ಒಂದು ಗದ್ದೆಯ ಕೆಸರಿನಲ್ಲಿ ಕೂತಿದ್ದಾಗ ಈ ಮಾತು ನನಗೆ ನೆನಪಾಗಲಿತ್ತು.

ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ನಾನು ನಂಜನಗೂಡಿನಲ್ಲಿ ಹೈಸ್ಕೂಲು ಮೇಷ್ಟ್ರು, ಇಂಗ್ಲಿಷು ಹೇಳಿಕೊಡುತ್ತಿದ್ದೆ. ಇನ್ನೂ ಮದುವೆಯಾಗಿರಲಿಲ್ಲ. ಊರಿನ ಪುಟ್ಟ ಚರ್ಚಿನ ಸಭಾಪಾಲಕರು ಸತ್ಯಮಿತ್ರ ಅಯ್ಯನವರು ನನಗೆ ಸಂಜೆಯ ಜೊತೆಗಾರರು. ಕಪಿಲೆಯ ಸೋಪಾನದ ಮೇಲೆ ಕೂತು ಇಬ್ಬರೂ ಕಡಲೆಕಾಯಿ ತಿನ್ನುತ್ತಿದ್ದೆವು. ತಿ. ನರಸೀಪುರದ ಕಡೆಯ ಹೆಮ್ಮಿಗೆಯಲ್ಲಿ ಅವರ ಸಭೆಗೆ ಸೇರಿದ ಕೆಲವು ಮನೆಗಳಿದ್ದವು, ಒಂದು ಸಣ್ಣ ಪ್ರಾರ್ಥನಾಲಯವಿತ್ತು. ಒಂದು ದಿನ ಅವರು ಹೇಳಿದರು: “ಮೇಷ್ಟ್ರೇ, ಸಿಲೋನಿನ ಒಂದು ಸಭೆಯ ಹುಡುಗರು ಬರ್ತಿದ್ದಾರೆ. ಹೆಮ್ಮಿಗೇಲಿ ಮಕ್ಕಳಿಗೆ ಒಂದು ಪಾಠದ ಕೊಠಡಿ ಕಟ್ಟಿಕೊಡ್ತಾರಂತೆ, ಸೇವೆಗೆ. ಜೊತೆಗೆ ಮೈಸೂರು, ತಲಕಾಡು ನೋಡ್ಕೊಂಡು ಹೋಗ್ತಾರೆ. ನನ್ನ ಇಂಗ್ಲಿಷು ಪ್ರಾರ್ಥನೆಗೆ ಸಾಕು, ಗಾರೆ ಕೆಲಸಕ್ಕೆ ಸಾಲದು. ನೀವು ಬರ್ತೀರಾ?”

ಗಾರೆ ಕೆಲಸದ ಇಂಗ್ಲಿಷು ನನಗೂ ಬರುತ್ತಿರಲಿಲ್ಲ. ಆದರೂ ಹೋದೆ.

ಅಲ್ಲಿಯೇ ರಾಹೇಲಮ್ಮನನ್ನು ಕಂಡದ್ದು. ಐವತ್ತು ದಾಟಿದ ವಿಧವೆ, ನಾಲೆಯ ಕೆಳಗೆ ಒಂದಿಷ್ಟು ಗದ್ದೆ, ಪ್ರಾರ್ಥನಾಲಯದ ಹಾಡುಗಳಲ್ಲಿ ಎಲ್ಲರಿಗಿಂತ ಅರ್ಧ ಸಾಲು ಮುಂದೆ ಓಡುವ ಕಂಠ. ಆ ವರ್ಷದ ಮಳೆಗೆ ಆಕೆಯ ಮನೆಯ ಹಿಂದಿನ ಮಣ್ಣಿನ ಗೋಡೆ ಕೂತುಬಿಟ್ಟಿತ್ತು. ಅಲ್ಲಿ ಗೋಣಿಚೀಲ ಕಟ್ಟಿಕೊಂಡು ಸಂಸಾರ ಮಾಡುತ್ತಿದ್ದಳು. ಬಂದ ಹುಡುಗರಲ್ಲಿ ಸುನಿಲ್ ಎಂಬುವನು, ಅವನೂ ಒಬ್ಬ ಮೇಷ್ಟ್ರೇ, ಇದನ್ನು ನೋಡಿದ. ಕೊಠಡಿಯ ಕೆಲಸ ಮುಗಿದ ಮೇಲೆ ಪ್ರತಿ ಸಂಜೆ ತನ್ನ ಗೆಳೆಯರೊಡನೆ ಅವಳ ಹಿತ್ತಿಲಿಗೆ ಹೋಗಿ ಮಣ್ಣು ತುಳಿದ. ಗೋಡೆ ಎದ್ದಿತು. ನೆಟ್ಟಗಿರಲಿಲ್ಲ, ಆದರೆ ಎದ್ದಿತು.

ಮುಗಿದ ದಿನ ರಾಹೇಲಮ್ಮ ನನ್ನನ್ನು ಕರೆದಳು.

“ಮೇಷ್ಟ್ರೇ, ಈ ಉಡ್ಗುನ್ ಮನೇಲಿ ಗದ್ದೆ ಅದಾ ಕೇಳಿ.”

ಕೇಳಿದೆ. ಇದೆ, ತಾಯಿ ನೋಡಿಕೊಳ್ಳುತ್ತಾಳೆ ಎಂದ ಸುನಿಲ್.

“ಅಂಗಾರೆ ನಾಟಿಗೆ ಬತ್ತೀನಿ ಅನ್ನಿ. ಮುಯ್ಯಿಗೆ.”

ಹೇಳಿದೆ. ಅವನು ಎದೆಯ ಮೇಲೆ ಕೈಯಿಟ್ಟು ನಕ್ಕು, “ಬನ್ನಿ ಅಮ್ಮಾ, ಖಂಡಿತ ಬನ್ನಿ” ಎಂದ. ನಾವು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರಿಗೆಲ್ಲ ‘ಒಂದ್ಸಲ ನಮ್ಮನೆ ಕಡೆ ಬನ್ನಿ’ ಎನ್ನುತ್ತೇವಲ್ಲ, ಹಾಗೆ. ಆದರೆ ರಾಹೇಲಮ್ಮನ ಲೋಕದಲ್ಲಿ ನಾಟಿಗೆ ಬರುತ್ತೇನೆ ಎಂದು ಒಬ್ಬರು ಹೇಳಿ, ಬನ್ನಿ ಎಂದು ಇನ್ನೊಬ್ಬರು ಹೇಳಿದರೆ ಅದು ಮದುವೆಯ ತಾಂಬೂಲ ಬದಲಾಯಿಸಿದಷ್ಟೇ ಗಟ್ಟಿ.

ಅಲ್ಲಿಂದಾಚೆಗೆ ನರಸೀಪುರದ ಸಂತೆಯಲ್ಲಿ ಎದುರಾದಾಗೆಲ್ಲ ಅವಳದು ಒಂದೇ ಪ್ರಶ್ನೆ. “ಆ ಉಡ್ಗುನ್ ಗದ್ದೆ ನಾಟಿ ಯಾವಾಗಂತೆ?”

“ಗೊತ್ತಿಲ್ಲ ರಾಹೇಲಮ್ಮ.”

“ಕೇಳಿ ಏಳಿ ಮೇಷ್ಟ್ರೇ. ಅವ್ರು ಕರೀನಿಲ್ಲ ಅಂತ ನಾವ್ ಮರ್ತ್ರೆ ಆದದಾ? ದಿನಾ ಬೆಳಗಾದ್ರೆ ಆ ಗೋಡೆ ನನ್ ಮಕ ನೋಡ್ತದೆ.”

ಅಯ್ಯನವರು ತಿಳಿಹೇಳಲು ಹೋದರು. “ಅಮ್ಮಾ, ಅವರು ದೇವರ ಹೆಸರಲ್ಲಿ ಮಾಡಿದ ಸೇವೆ ಅದು. ಹಿಂದಕ್ಕೆ ಕೊಡಬೇಕಾಗಿಲ್ಲ.”

“ದೇವ್ರುದ್ದು ದೇವ್ರು ನೋಡ್ಕತಾನೆ ಅಯ್ನೋರೇ. ಮಣ್ಣು ತುಳ್ದು ಕಾಲು ಬಿರುಕು ಬುಡ್ಸ್ಕೊಂಡಿದ್ದು ಆ ಉಡ್ಗ. ಮುಯ್ಯಿ ಉಳಿಸ್ಕೊಂಡು ನಾನು ಸಾಯಕ್ಕಿಲ್ಲ.”

ಆ ಸಂಜೆ ಅಯ್ಯನವರು ಕಡಲೆಕಾಯಿ ಮುಟ್ಟಲಿಲ್ಲ. “ದೇವಶಾಸ್ತ್ರದ ಕಾಲೇಜಲ್ಲಿ ಇದಕ್ಕೆ ಉತ್ತರ ಕಲಿಸಿದ್ರೋ ಇಲ್ವೋ, ನೆನಪಿಗೆ ಬರ್ತಿಲ್ಲ ಮೇಷ್ಟ್ರೇ” ಎಂದರು.

ಒಂದೆರಡು ವರ್ಷ ಕಳೆದು ಆ ಕಡೆಯ ಸಭೆಯವರಿಂದ ಇವರಿಗೆ ಕರೆ ಬಂತು. ನೀವೂ ಬನ್ನಿ, ನಮ್ಮ ಚರ್ಚಿಗೆ ಸುಣ್ಣ ಬಳಿಯೋಣ, ಆಸ್ಪತ್ರೆಯ ರೋಗಿಗಳ ಹತ್ತಿರ ಕೂತು ಹಾಡೋಣ, ಉಳಿದ ದಿನ ನಮ್ಮ ದೇಶ ನೋಡಿಕೊಂಡು ಹೋಗಿ ಎಂದು. ಯುವಕರು ಹೆಸರು ಕೊಟ್ಟರು. ಎಲ್ಲರಿಗಿಂತ ಮೊದಲು ಕೊಟ್ಟವಳು ರಾಹೇಲಮ್ಮ. ಅವಳಿಗೆ ಸೇವೆಯೂ ಬೇಕಿರಲಿಲ್ಲ, ದೇಶವೂ ಬೇಕಿರಲಿಲ್ಲ. ಅವಳು ಕೇಳಿದ್ದು, “ನಾವ್ ಓಗೊತ್ತಿಗೆ ಅಲ್ಲಿ ಒಟ್ಲು ಬಂದಿರ್ತದಾ?” ಎಂದು. ಒಟ್ಲು ಎಂದರೆ ನಾಟಿಗೆಂದು ಬೆಳೆಸಿದ ಸಸಿಯ ಮಡಿ. ಬೇಸಗೆ ರಜೆಯಲ್ಲಿ ಅಲ್ಲಿ ಒಂದು ನಾಟಿ ನಡೆಯುತ್ತದೆಂದು ಹೇಗೋ ತಿಳಿಯಿತು. ಅವಳ ಮುಖ ಅರಳಿತು. ದುಭಾಷಿಯಾಗಿ ನಾನು ಹೊರಟೆ.

ನಮ್ಮಮ್ಮನಿಗೆ ಹೇಳಿದಾಗ ಅವರು ಬತ್ತಿ ಹೊಸೆಯುತ್ತಿದ್ದ ಕೈ ನಿಲ್ಲಿಸಿದರು.

“ಲಂಕೆಗಾ? ಸಮುದ್ರ ದಾಟಿ ಅಲ್ಲಿಗೆ ಹೋದವರು ತಂಟೆ ಇಲ್ಲದೆ ವಾಪಸ್ಸು ಬಂದದ್ದು ಯಾವತ್ತೋ ಶ್ರೀಕಂಠ?”

“ಸುಣ್ಣ ಬಳಿಯಕ್ಕೆ ಹೋಗ್ತಿರೋದಮ್ಮ.”

“ನಮ್ಮನೆ ಗೋಡೆಗೆ ಒಂದು ದಿನ ಬಳಿದಿದ್ದೀಯೇನೋ?”

ಕಡೆಗೆ ಒಪ್ಪಿದರು, ಒಂದು ಷರತ್ತಿನ ಮೇಲೆ: ಅಲ್ಲಿ ಬೇಯಿಸಿದ ಅನ್ನ ಮುಟ್ಟಬಾರದು. ಅವಲಕ್ಕಿ, ಹುಳಿಗೊಜ್ಜು, ಚಟ್ನಿಪುಡಿ ಕಟ್ಟಿದರು. ನಾನು ನನ್ನ ಕಡೆಯಿಂದ ಒಂದು ಜೊತೆ ಬಿಳಿಯ ಕ್ಯಾನ್ವಾಸ್ ಶೂ ಕೊಂಡೆ. ಪರದೇಶಕ್ಕೆ ಚಪ್ಪಲಿಯಲ್ಲಿ ಹೋಗುವುದು ಮೇಷ್ಟ್ರಿಗೆ ಶೋಭೆಯಲ್ಲ ಎಂಬ ಯೋಚನೆ. ಮಾಸಬಾರದೆಂದು ಶಾಲೆಯ ಸೀಮೆಸುಣ್ಣವನ್ನೂ ಜೇಬಿನಲ್ಲಿ ಇಟ್ಟುಕೊಂಡಿದ್ದೆ. ರಾಹೇಲಮ್ಮ ಬರಿಗಾಲಲ್ಲಿ ಹೊರಟಳು.

ರಾಮೇಶ್ವರದವರೆಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು. ಆ ಹಡಗು ಎಂಬತ್ತರ ದಶಕದಲ್ಲಿ ನಿಂತೇಹೋಯಿತು. ಆಗ ದಿನಬಳಕೆಯ ಬಸ್ಸಿನಂತೆ ಜನ ತರಕಾರಿ ಬುಟ್ಟಿ ಇಟ್ಟುಕೊಂಡು ಹತ್ತುತ್ತಿದ್ದರು. ಹೊರಟ ಸ್ವಲ್ಪ ಹೊತ್ತಿಗೇ ನನಗೆ ಕಡಲು ಹಿಡಿಸದೆಂದು ಗೊತ್ತಾಯಿತು. ಕಂಬಿ ಹಿಡಿದು ಬಗ್ಗಿದೆ. ರಾಹೇಲಮ್ಮ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಎಲೆಯಡಿಕೆ ಮೆಲ್ಲುತ್ತ ಕಡಲನ್ನು ನೋಡುತ್ತಿದ್ದಳು. “ಇಷ್ಟೊಂದ್ ನೀರು ಮಡಗವ್ನೆ ದೇವ್ರು” ಎಂದಳು, “ಒಂದ್ ಗದ್ದೆಗೂ ಆಯಕ್ಕಿಲ್ಲ ನೋಡಿ.” ನಾನು ಮತ್ತೆ ಕಂಬಿಯ ಆಚೆಗೆ ಬಗ್ಗಿದೆ.

ಸುನಿಲನ ಊರು ಕ್ಯಾಂಡಿಯ ಆಚೆ, ಬೆಟ್ಟದ ಬುಡದ ಹಳ್ಳಿ. ಬೇರೆಯವರಿಗೆ ಚರ್ಚಿನ ಹಜಾರದಲ್ಲಿ ಬಿಡಾರ. ಅಯ್ಯನವರು, ನಾನು, ರಾಹೇಲಮ್ಮ ಸುನಿಲನ ಮನೆಯಲ್ಲಿ. ಅವನ ತಾಯಿ ಆಗ್ನೆಸ್, ರಾಹೇಲಮ್ಮನ ವಯಸ್ಸಿನವಳೇ, ತೆಳ್ಳಗೆ ಬಿದಿರಿನ ಹಾಗೆ ಇದ್ದ ಹೆಂಗಸು. ಆಕೆಗೆ ಸಿಂಹಳ ಒಂದೇ ಬರುತ್ತಿದ್ದುದು. ಬಾಗಿಲಲ್ಲಿ ನಿಂತು ರಾಹೇಲಮ್ಮನ ಕೈ ಹಿಡಿದು “ಅಕ್ಕಾ” ಎಂದಳು. ಅವರ ಮಾತಿನಲ್ಲೂ ಅಕ್ಕನಿಗೆ ಅಕ್ಕ ಎಂದೇ ಅನ್ನುವುದು.

“ನೋಡಿ, ಅಕ್ಕ ಅಂತಾವ್ಳೆ” ಎಂದಳು ರಾಹೇಲಮ್ಮ ನನ್ನ ಕಡೆ ತಿರುಗಿ. “ಇದೇನ್ ದೂರದ್ ದೇಸ ಬುಡಿ.” ಎಂದವಳೇ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಗದ್ದೆ ಯಾವ ಕಡೆ ಎಂದು ನೋಡತೊಡಗಿದಳು. ಅಷ್ಟರಲ್ಲಿ ಸುನಿಲ್ ಒಂದು ಕುರ್ಚಿ ತಂದಿಟ್ಟ.

ಆ ಕುರ್ಚಿಯ ವಿಷಯ ಸ್ವಲ್ಪ ಹೇಳಬೇಕು. ಬೆತ್ತದ ಕುರ್ಚಿ, ಕೈಗಳ ಮೇಲೆ ಹೂವಿನ ಕಸೂತಿಯ ಬಟ್ಟೆ. ರಾಹೇಲಮ್ಮ ಎಲ್ಲಿ ಹೋದರೂ ಅದು ಅವಳ ಹಿಂದೆ ಹೋಗುತ್ತಿತ್ತು. ಅವಳು ಕಸಬರಿಗೆ ಹಿಡಿದರೆ ಯಾರೋ ಬಂದು ಅದನ್ನು ಕಿತ್ತುಕೊಂಡು ಕುರ್ಚಿ ತೋರಿಸುವರು. ಪಾತ್ರೆ ಬೆಳಗಲು ಕೂತರೆ ಕುರ್ಚಿ. ಚರ್ಚಿಗೆ ಸುಣ್ಣ ಬಳಿಯುವಾಗ ಅಯ್ಯನವರೂ ನಾನೂ ಏಣಿಯ ಮೇಲಿದ್ದೆವು. ನನ್ನ ಶೂ ಮೊದಲ ಬಾರಿಗೆ ತಾನಾಗಿಯೇ ಬೆಳ್ಳಗಾಯಿತು. ರಾಹೇಲಮ್ಮ ಮಾತ್ರ ಕೆಳಗೆ ಕುರ್ಚಿಯಲ್ಲಿ, ಕೈಯಲ್ಲಿ ಚಹಾ. ಅಷ್ಟು ದುಃಖದಿಂದ ಚಹಾ ಕುಡಿದವರನ್ನು ನಾನು ಮತ್ತೆ ಕಂಡಿಲ್ಲ.

ಮಧ್ಯಾಹ್ನಗಳಲ್ಲಿ ದೇಶ ನೋಡುವ ಕಾರ್ಯಕ್ರಮ. ಪೇರಾದೆನಿಯದ ತೋಟದಲ್ಲಿ ಮುಗಿಲು ಮುಟ್ಟುವ ತಾಳೆಯ ಸಾಲುಗಳ ನಡುವೆ ನಾವೆಲ್ಲ ಬಾಯಿ ತೆರೆದು ನಿಂತಾಗ ರಾಹೇಲಮ್ಮ ಕತ್ತೆತ್ತಿ, “ಇಷ್ಟುದ್ದ ಬೆಳ್ದು ಒಂದ್ ಕಾಯೂ ಬುಟ್ಟಿಲ್ವಲ್ಲ” ಎಂದಳು. ಹೊಳೆಯಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದನ್ನು ತೋರಿಸಿದರು. ತೆಂಗಿನ ಚಿಪ್ಪಿನಿಂದ ಮೈಯುಜ್ಜುತ್ತಿದ್ದ ಮಾವುತನನ್ನು ತುಂಬ ಹೊತ್ತು ನೋಡಿ, “ಅವ್ನಿಗಾದ್ರೂ ಕೆಲ್ಸ ಅದೆ” ಎಂದಳು.

ನಾನು ನಿಧಾನದ ಮನುಷ್ಯ. ಆದರೂ ಊಟದ ಹೊತ್ತಿನಲ್ಲಿ ಒಂದು ಸಂಗತಿ ನನ್ನ ಕಣ್ಣಿಗೆ ಬಿತ್ತು. ರಾಹೇಲಮ್ಮ ಆ ಮನೆಯಲ್ಲಿ ಊಟ ಕಡಿಮೆ ಮಾಡುತ್ತ ಬಂದಿದ್ದಳು. ಮೊದಲ ದಿನ ಎರಡು ತುತ್ತು ಬಿಟ್ಟಳು, ಆಮೇಲೆ ಅರ್ಧ ತಟ್ಟೆ, ಆಮೇಲೆ ಬರೀ ಗಂಜಿ. ಆಗ್ನೆಸ್ ಗಾಬರಿಗೊಂಡು ಖಾರ ಕಡಿಮೆ ಮಾಡಿದಳು, ತೆಂಗಿನಹಾಲು ಹೆಚ್ಚಿಸಿದಳು. ಪಕ್ಕದಲ್ಲಿ ನಾನು ಅಮ್ಮನ ಷರತ್ತಿನ ಪ್ರಕಾರ ಅವಲಕ್ಕಿ ನೆನೆಸುತ್ತ ಕೂತಿರುತ್ತಿದ್ದೆ. ಉಣ್ಣದ ಇಬ್ಬರು ನೆಂಟರ ನಡುವೆ ಆ ತಾಯಿ ಸೌಟು ಹಿಡಿದು ನಿಂತಿರುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟುತ್ತದೆ.

“ಯಾಕೆ ರಾಹೇಲಮ್ಮ, ಊಟ ಸೇರೋದಿಲ್ವಾ?”

“ಸೇರದೆ ಏನು? ಬಂಗಾರದಂಗ್ ಮಾಡ್ತಾಳೆ. ಅವ್ರ ಮುಯ್ಯಿ ಮಡಿಕ್ಕೊಂಡು ಅವ್ರ ಮನೇಲೆ ಕೂತು ಎಂಗ್ ಉಣ್ಣಾದು? ಗಂಟ್ಲಲ್ಲಿ ಇಳಿಯಕ್ಕಿಲ್ಲ.” ಆಮೇಲೆ ದನಿ ತಗ್ಗಿಸಿ, “ಮೇಷ್ಟ್ರೇ, ಆಯಮ್ಮನ ಉಗುರ್ ಸಂದೀಲಿ ಕೆಸರು ನೋಡ್ದೆ. ನಾಟಿ ಸುರುವಾಗದೆ. ನಮ್ಗೆ ಏಳ್ತಿಲ್ಲ” ಎಂದಳು.

ಸುನಿಲನನ್ನು ಕೇಳಿದೆ. ಅವನು ಕೆಂಪಗಾದ. ನಿಜ, ಶುರುವಾಗಿದೆ. “ಆದರೆ ನೀವೇ ಹೇಳಿ, ಭಾರತದಿಂದ ಕರೆಸಿಕೊಂಡ ಹಿರಿಯರನ್ನು ಕೆಸರಿಗಿಳಿಸಿದೆ ಅಂತ ಸಭೆಯವರು ನನ್ನನ್ನು ಏನನ್ನುತ್ತಾರೆ? ಅತಿಥಿಗಳಲ್ಲವೇ?” ನನಗೆ ಅವನ ಮಾತು ಸರಿ ಎನಿಸಿತು. ರಾಹೇಲಮ್ಮನಿಗೆ ಅದನ್ನು ಇದ್ದಂತೆ ಹೇಳಿದೆ. ಅವಳು ಎದೆಗೆ ಪೆಟ್ಟು ಬಿದ್ದವಳಂತೆ ನನ್ನನ್ನೇ ನೋಡಿದಳು.

“ಅತಿಥಿ ಮಾಡ್ಬುಟ್ರಾ ನನ್ನ?” ಎಂದಳು. ಬೈಗುಳವನ್ನು ಕೇಳಿಸಿಕೊಂಡವರ ದನಿ ಅದು. ನಾಡಿದ್ದಕ್ಕೆ ನಾವು ಹಿಂದಿರುಗಬೇಕಿತ್ತು.

ಮರುದಿನ ನುವಾರ ಎಲಿಯ ಎಂಬ ಬೆಟ್ಟದೂರಿಗೆ ಪ್ರವಾಸ. ಊಟಿಯಂತಹ ಊರು, ಚಹಾ ತೋಟ, ಜಲಪಾತ, ಎಲ್ಲವೂ ಇವೆಯೆಂದು ಕೇಳಿದ್ದೆ. ಬೆಳಿಗ್ಗೆ ಶೂಗೆ ಹೊಸದಾಗಿ ಸೀಮೆಸುಣ್ಣ ಉಜ್ಜಿದೆ. ಚರ್ಚಿನವರು ಗೊತ್ತುಮಾಡಿದ ಬಸ್ಸು, ಎಲ್ಲರೂ ಹಾಡುತ್ತ ಹೊರಟೆವು. ರಾಹೇಲಮ್ಮ ಕಿಟಕಿಗೆ ಹಣೆ ಒತ್ತಿ ಕೂತಿದ್ದಳು, ಹಾಡುತ್ತಿರಲಿಲ್ಲ.

ಇನ್ನು ಮುಂದೆ ನಡೆದದ್ದನ್ನು ನಾನು ಕಂಡಷ್ಟೇ ಹೇಳುತ್ತೇನೆ. ಊರ ಹೊರಗಿನ ತಿರುವು. ಎಡಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಗದ್ದೆ, ನೀರಿನಲ್ಲಿ ಆಕಾಶ. ಹೆಂಗಸರು ಸಾಲಾಗಿ ಬಗ್ಗಿ ನೆಡುತ್ತಿದ್ದರು. ಸಾಲಿನ ಒಂದು ತುದಿಯಲ್ಲಿ ತೆಳ್ಳಗಿನ ಒಂದು ಬೆನ್ನು. ಅದು ಆಗ್ನೆಸ್ ಎಂದು ನನಗೆ ಗೊತ್ತಾಗುವ ಮೊದಲೇ ರಾಹೇಲಮ್ಮ ಎದ್ದು ನಿಂತಿದ್ದಳು.

“ನಿಲ್ಸಪ್ಪಾ! ಏಯ್, ನಿಲ್ಸಲಾ!”

ಕನ್ನಡ ಬಾರದ ಡ್ರೈವರು ಬ್ರೇಕು ಒತ್ತಿದ. ಅವಳು ಇಳಿದು, ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಬದುವಿನ ಮೇಲೆ ದಾಪುಗಾಲು ಹಾಕಿದಳು. ಸುನಿಲ್ “ಅಮ್ಮಾ, ಅಮ್ಮಾ” ಎನ್ನುತ್ತ ಹಿಂದೆ ಓಡಿದ. ಅಯ್ಯನವರು ನನ್ನನ್ನು ತಳ್ಳಿ, “ಹೋಗಿ ಮೇಷ್ಟ್ರೇ, ಕರ್ಕೊಂಡು ಬನ್ನಿ” ಎಂದರು. ನಾನೂ ಓಡಿದೆ. ಕ್ಯಾನ್ವಾಸ್ ಶೂ ಬದುವಿಗೆ ಹೇಳಿ ಮಾಡಿಸಿದ್ದಲ್ಲ. ಜಾರಿದೆ. ಮೊದಲು ಎಡಗಾಲು ಕೆಸರಿಗೆ ಹೋಯಿತು, ಹಿಂದೆಯೇ ಉಳಿದ ನಾನೂ ಹೋದೆ. ಕಾಲು ಎಳೆದುಕೊಂಡಾಗ ಕಾಲು ಬಂತು, ಶೂ ಬರಲಿಲ್ಲ. ಸಾಲಿನ ಹೆಂಗಸರು ನಕ್ಕ ನಗೆಗೆ ಭಾಷೆ ಬೇಕಿರಲಿಲ್ಲ.

ಕೂತಲ್ಲಿಂದಲೇ ನೋಡಿದೆ. ರಾಹೇಲಮ್ಮ ಗದ್ದೆಯ ಅಂಚಿನಲ್ಲಿ ನಿಂತುಬಿಟ್ಟಿದ್ದಳು. ಅಲ್ಲಿಯವರೆಗೆ ಓಡಿಬಂದವಳು ಕರೆಯದ ಗದ್ದೆಗೆ ಕಾಲಿಡಲು ಹಿಂಜರಿಯುತ್ತಿದ್ದಳೆಂದು ತೋರುತ್ತದೆ. ಆಗ್ನೆಸ್ ಬೆನ್ನು ನೆಟ್ಟಗೆ ಮಾಡಿದಳು. ಮಗನನ್ನು ನೋಡಿದಳು. ರಾಹೇಲಮ್ಮನ ಎತ್ತಿ ಕಟ್ಟಿದ ಸೀರೆ, ಬರಿಗಾಲು ನೋಡಿದಳು. ಆಮೇಲೆ ಆಗ್ನೆಸ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಪಕ್ಕದವಳಿಗೂ ಸರಿಯುವಂತೆ ಮೊಣಕೈಯಿಂದ ತಿವಿದಳು. ಸಾಲಿನಲ್ಲಿ ಒಬ್ಬಳು ನಿಲ್ಲುವಷ್ಟು ಜಾಗವಾಯಿತು. ತನ್ನ ಕೈಯ ಪೈರಿನ ಕಟ್ಟನ್ನು ಎರಡು ಮಾಡಿ ಅರ್ಧವನ್ನು ಚಾಚಿದಳು.

ಹಪ್ಪಳದ ಜಗಲಿ, ಕೊಡೆ, “ಮುಯ್ಯಿ ನಮ್ಮ ತಲೆ ಮೇಲೇ ಇದೆ, ಏಳೋ” ಎಂದ ಅಜ್ಜಿ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಮುಯ್ಯಿ ಎಂದರೆ ಏನೆಂದು ನಾನು ಸುನಿಲನಿಗೆ ಮೊದಲ ದಿನವೇ ಹೇಳಬಹುದಾಗಿತ್ತಲ್ಲ ಎಂದುಕೊಂಡೆ.

ರಾಹೇಲಮ್ಮ ಇಳಿದು ಮೊದಲ ಪೈರು ನೆಟ್ಟಳು. ಆಗ್ನೆಸ್ ಅದನ್ನು ನೋಡಿ, ಕಿತ್ತು, ಎರಡು ಎಳೆ ಕಡಿಮೆ ಮಾಡಿ ಮತ್ತೆ ನೆಟ್ಟು ತೋರಿಸಿದಳು.

“ಏನ್ ಮೇಷ್ಟ್ರೇ ಇವ್ಳು! ನಾನು ನೆಟ್ಟಿದ್ದ ಕೀಳ್ತಾಳೆ!”

ಸುನಿಲನನ್ನು ಕೇಳಿ ಹೇಳಿದೆ. “ಅವರಲ್ಲಿ ಎರಡೇ ಎಳೆಯಂತೆ ರಾಹೇಲಮ್ಮ, ನಮ್ಮ ಹಾಗೆ ನಾಲ್ಕಲ್ಲ.”

“ಅಂಗಾ? ಸರಿ, ಅವ್ಳ ಗದ್ದೆ. ಅವ್ಳು ಏಳ್ದಂಗೆ.” ಬಗ್ಗಿದಳು. ಆಮೇಲೆ ಹಾಡು ಎತ್ತಿಕೊಂಡಳು, ಚರ್ಚಿನದ್ದಲ್ಲ, ನಮ್ಮ ಕಡೆಯ ಗದ್ದೆಯಲ್ಲಿ ನೆಡುವಾಗ ಹೇಳುವಂಥದ್ದು. ಅವಳ ಅಭ್ಯಾಸದಂತೆ ಅರ್ಧ ಸಾಲು ಮುಂದೆ ಓಡಿತು. ಆ ಹೆಂಗಸರು ಅರ್ಥವಾಗದೆಯೂ ಕೊನೆಯ ದನಿಯನ್ನು ಹಿಡಿದುಕೊಂಡರು.

ಬದುವಿನ ಮೇಲೆ ನನ್ನ ಪಕ್ಕ ಸುನಿಲ್ ಕುಕ್ಕರಿಸಿದ. “ನಮ್ಮಲ್ಲೂ ಇದೆ ಇದು” ಎಂದ. “ಅತ್ತಂ ಅನ್ನುತ್ತೇವೆ. ನಿಮ್ಮ ಊರಿನ ಗೋಡೆಯ ವಿಷಯ ಅಮ್ಮನಿಗೆ ಹೇಳಿದ್ದೆ. ದಿನಾ ಕೇಳುತ್ತಿದ್ದಳು, ನೀನು ಕೆಲಸ ಮಾಡಿಕೊಟ್ಟ ಮನೆಯಾಕೆ ಬಂದಿದ್ದಾಳೆ, ಮತ್ತೆ ಯಾಕೆ ಕುರ್ಚಿಯಲ್ಲಿ ಕೂತಿರುತ್ತಾಳೆ ಅಂತ. ಅಮ್ಮಾ, ಹಾಗೆಲ್ಲ ಅನ್ನಬಾರದು, ಅವರು ಅತಿಥಿ ಅಂತ ನಾನೇ ಬಾಯಿ ಮುಚ್ಚಿಸಿದ್ದೆ.” ಎಂದವನೇ ಪ್ಯಾಂಟು ಮಡಚತೊಡಗಿದ. ಅಷ್ಟರಲ್ಲಿ ಬಸ್ಸಿನ ಕಡೆಯಿಂದ ಅಯ್ಯನವರು ಬಂದರು. ನನ್ನನ್ನು ನೋಡಿದರು, ಗದ್ದೆಯನ್ನು ನೋಡಿದರು, ಏನನ್ನೂ ಕೇಳದೆ ಷರಾಯಿ ಮಡಚಿ ಪೈರಿನ ಕಟ್ಟು ಹೊರಲು ಹೋದರು. ಬಸ್ಸು ಉಳಿದವರನ್ನು ಕರೆದುಕೊಂಡು ಹೊರಟಿತು. ನುವಾರ ಎಲಿಯವನ್ನು ನಾನು ಇಂದಿಗೂ ನೋಡಿಲ್ಲ.

ಮಧ್ಯಾಹ್ನ ಬದುವಿನ ಮೇಲೆ ಊಟ, ಬಾಳೆಲೆಯಲ್ಲಿ ಕೆಂಪಕ್ಕಿ ಅನ್ನ, ಹಲಸಿನ ಪಲ್ಯ. ರಾಹೇಲಮ್ಮ ಉಂಡಳು. ಎರಡನೆಯ ಸಲ ಎಲೆ ಚಾಚಿದಳು, ಮೂರನೆಯ ಸಲವೂ. ಆಗ್ನೆಸ್ ಬಡಿಸುತ್ತ ಬಡಿಸುತ್ತ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ. ಒಲೆಯ ಹೊಗೆ ಅಲ್ಲಿರಲಿಲ್ಲ. ನನ್ನ ಅವಲಕ್ಕಿ ಮನೆಯಲ್ಲಿತ್ತು. ಹಸಿವಾಗಿತ್ತು, ಮೈಯೆಲ್ಲ ಅವರದೇ ಕೆಸರು. ನಾನೂ ಎಲೆ ಚಾಚಿದೆ. ಅಮ್ಮ ಷರತ್ತು ಹಾಕಿದ್ದು ಮನೆಯಲ್ಲಿ ಬೇಯಿಸಿದ ಅನ್ನಕ್ಕೆ, ಗದ್ದೆಯಲ್ಲಿ ಬಡಿಸಿದ ಅನ್ನಕ್ಕಲ್ಲ ಎಂದು ಆಗ ಹೊಳೆದದ್ದು ನನ್ನ ವಿದ್ಯೆಯ ಫಲವಿರಬೇಕು.

ಸಂಜೆ ಕೈಕಾಲು ತೊಳೆಯುವಾಗ ಜಗಳ ಶುರುವಾಯಿತು. ಸಿಂಹಳದಿಂದ ಇಂಗ್ಲಿಷಿಗೆ ಸುನಿಲ್, ಇಂಗ್ಲಿಷಿನಿಂದ ಕನ್ನಡಕ್ಕೆ ನಾನು.

“ಗೋಡೆಗೆ ಅವ್ರು ಅಷ್ಟೊಂದ್ ಸಂಜೆ ಮಾಡವ್ರೆ. ನಂದು ಒಂದ್ ದಿನ. ಇನ್ನೂ ಬಾಕಿ ಅದೆ ಅನ್ನಿ.”

“ಅದು ಹುಡುಗರ ಕೆಲಸ, ಬಿಡುವಿನಲ್ಲಿ ಮಾಡಿದ್ದು. ನಾಟಿಯ ದಿನಕ್ಕೆ ಅದು ಸಮವೇ? ಈಗ ಬಾಕಿ ನಮ್ಮದು, ಅನ್ನುತ್ತಾಳೆ ಅಮ್ಮ.”

“ಮನೆ ಇಲ್ದಾಗ ಕಟ್ಟಿದ್ ಗೋಡೆ ಕಣಮ್ಮ ಅದು!”

“ಸಮುದ್ರ ದಾಟಿ ಬಂದ ಆಳು ಅವಳು, ಬರುವ ಶ್ರಮವೂ ಸೇರಬೇಕು, ಅನ್ನುತ್ತಾಳೆ.”

ಯಾರೂ ಸೋಲಲಿಲ್ಲ. ಕಡೆಗೆ ಆಗ್ನೆಸ್ ಒಂದು ವಾಕ್ಯ ಹೇಳಿ ಕೊಡ ಎತ್ತಿಕೊಂಡು ಹೊರಟಳು. ಸುನಿಲ್ ತಲೆ ಕೆರೆದುಕೊಂಡು, “ನಿಮ್ಮಲ್ಲಿ ನಾಟಿ ಯಾವಾಗ ಅಂತ ಕೇಳುತ್ತಿದ್ದಾಳೆ” ಎಂದ.

ಕತ್ತಲಾಗುವವರೆಗೆ ಶೂ ಹುಡುಕಿದೆವು, ಸಿಗಲಿಲ್ಲ. ಒಂಟಿ ಶೂ ಇಟ್ಟುಕೊಂಡು ಏನು ಮಾಡುವುದೆಂದು ಹಿಂದಿರುಗುವಾಗ ಹಡಗಿನ ಮೇಲಿನಿಂದ ಬಲಗಾಲಿನದನ್ನು ಕಡಲಿಗೆ ಎಸೆದುಬಿಟ್ಟೆ. ನಂಜನಗೂಡಿನ ಸ್ಟೇಷನ್ನಿನಲ್ಲಿ ಬರಿಗಾಲಿನ ಮಗನನ್ನು ಕಂಡು ಅಮ್ಮ, “ನಾನು ಹೇಳಲಿಲ್ವಾ” ಎಂದರು, ಅಷ್ಟೆ.

ಮುಂದಿನ ವರ್ಷ ಆ ಸಭೆಯ ತಂಡ ಮತ್ತೆ ಹೆಮ್ಮಿಗೆಗೆ ಬಂತು. ಈ ಸಲ ಆಷಾಢ ಕಳೆದು, ನಾಲೆಯಲ್ಲಿ ನೀರು ಹರಿಯುವ ಕಾಲಕ್ಕೆ. ಕಾಲ ಗೊತ್ತುಮಾಡಿದವಳು ಆಗ್ನೆಸ್ ಎಂದು ಸುನಿಲ್ ಹೇಳಿದ. ನರಸೀಪುರದಲ್ಲಿ ಬಸ್ಸಿಳಿದ ಆಕೆ ನನ್ನ ಕೈಗೆ ಪತ್ರಿಕೆಯಲ್ಲಿ ಸುತ್ತಿದ ಒಂದು ಗಂಟು ಕೊಟ್ಟಳು. ಬಿಚ್ಚಿದರೆ ಎಡಗಾಲಿನ ಶೂ. ಆ ಬೆಳೆ ಕೊಯ್ದು ಮತ್ತೆ ಉಳುವಾಗ ನೇಗಿಲಿಗೆ ಸಿಕ್ಕಿತಂತೆ. ಅದನ್ನು ತೊಳೆದರೆ ಹರಿದೀತೆಂದು ಹಾಗೆಯೇ ತಂದಿದ್ದಳು. ಇನ್ನೊಂದು ಎಲ್ಲಿ ಎಂದು ಕೇಳಿದಳು. ನಾನು ಮಾತು ಬದಲಾಯಿಸಿದೆ.

ರಾಹೇಲಮ್ಮನ ಗದ್ದೆಗೆ ಹೋದೆವು. ನಾಟಿಯ ಸಾಲು ಸಿದ್ಧವಾಗಿತ್ತು. ಬದುವಿನ ಮೇಲೆ, ಹೊಂಗೆಯ ನೆರಳಿನಲ್ಲಿ, ಒಂದು ಕುರ್ಚಿ ಇತ್ತು. ಆ ಹುಡುಗರೇ ಕಟ್ಟಿದ ಪಾಠದ ಕೊಠಡಿಯಿಂದ ತಂದದ್ದು. ಮೇಲೆ ಒಗೆದ ಟವಲು ಹಾಸಿತ್ತು.

“ಬಾ ಅಕ್ಕ, ಕೂತ್ಕೊ” ಎಂದಳು ರಾಹೇಲಮ್ಮ. “ಮೇಷ್ಟ್ರೇ, ಕೂತ್ಕೊಳಕ್ಕೆ ಏಳಿ. ಅಷ್ಟ್ ದೂರ್ದಿಂದ ಬಂದವ್ಳೆ. ನೆಂಟ್ರು ಕೈಲಿ ಕೆಲ್ಸ ಮಾಡ್ಸುದ್ರೆ ಊರೋರು ನನ್ನ ಏನಂದಾರು?”

ನಾನು ಅವಳ ಮುಖವನ್ನೇ ನೋಡಿದೆ. ಅದರಲ್ಲಿ ತಮಾಷೆಯ ಸುಳಿವೇ ಇರಲಿಲ್ಲ. ದುಭಾಷಿಗೆ ಆಯ್ಕೆಯಿಲ್ಲ, ಸುನಿಲನಿಗೆ ಹೇಳಿದೆ. ಅವನು ನಗು ತಡೆದುಕೊಂಡು ತಾಯಿಗೆ ಹೇಳಿದ. ಆಗ್ನೆಸ್ ಕುರ್ಚಿಯನ್ನು ನೋಡಿದಳು, ಟವಲನ್ನು ಮುಟ್ಟಿ ನೋಡಿದಳು, ಚೆನ್ನಾಗಿದೆ ಎನ್ನುವಂತೆ ತಲೆಯಾಡಿಸಿದಳು. ಆಮೇಲೆ ಚಪ್ಪಲಿಗಳನ್ನು ಕಳಚಿ ಕುರ್ಚಿಯ ಕೆಳಗೆ ಜೋಡಿಸಿಟ್ಟು, ಬಟ್ಟೆ ಎತ್ತಿಕಟ್ಟಿ, ಗದ್ದೆಗೆ ಇಳಿದಳು.

ರಾಹೇಲಮ್ಮನ ಬಾಯಿ ತೆರೆದೇ ಇತ್ತು. ಅದು ಮುಚ್ಚಿದ ಮೇಲೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಕೈಯ ಕಟ್ಟನ್ನು ಎರಡು ಮಾಡಿದಳು. ಆಗ್ನೆಸ್ ಮೊದಲ ಪೈರು ನೆಟ್ಟಳು. ರಾಹೇಲಮ್ಮ ಅದನ್ನು ಕಿತ್ತು, ಇನ್ನೆರಡು ಎಳೆ ಸೇರಿಸಿ, “ಇಲ್ಲಿ ಇಂಗೆ ಕಣಕ್ಕ” ಎಂದು ನೆಟ್ಟು ತೋರಿಸಿದಳು. ಇಬ್ಬರೂ ನಕ್ಕರು.

ನಾನು ಶೂ ಹಿಡಿದುಕೊಂಡು ನಿಂತಿದ್ದೆ.

“ಏನ್ ಮೇಷ್ಟ್ರೇ, ನಿಂತ್ಕಂಡು ಏನ್ ನೋಡ್ತೀರಿ?” ರಾಹೇಲಮ್ಮ ಬಗ್ಗಿದಲ್ಲಿಂದಲೇ ಕೂಗಿದಳು. “ಅವ್ರ ಗದ್ದೇಲಿ ಉಂಡಿಲ್ವಾ ನೀವು? ಕುರ್ಚಿ ಖಾಲಿ ಅದೆ, ಓಗಿ ಕೂತ್ಕೊಳಿ. ಇಲ್ಲ ಇಳೀರಿ!”

ಉಂಡಿದ್ದೆ. ಶೂವನ್ನು ಟವಲಿನ ಮೇಲೆ ಕೂರಿಸಿ, ಪಂಚೆ ಎತ್ತಿಕಟ್ಟಿ ಕೆಸರಿಗೆ ಕಾಲಿಟ್ಟೆ. ಇಬ್ಬರ ನಡುವೆ ಜಾಗ ಬಿಟ್ಟರು. ಎರಡು ಎಳೆಯೋ ನಾಲ್ಕು ಎಳೆಯೋ ಎಂದು ಬಹಳ ಹೊತ್ತು ಯೋಚಿಸಿ ಮೂರು ಎಳೆ ತೆಗೆದುಕೊಂಡು, ಜೀವನದಲ್ಲಿ ಮೊದಲ ಬಾರಿಗೆ ಒಂದು ಪೈರನ್ನು ನೆಟ್ಟೆ.

ಎಡಗಡೆಯಿಂದ ಒಂದು ಕೈ, ಬಲಗಡೆಯಿಂದ ಒಂದು ಕೈ, ಎರಡೂ ಒಟ್ಟಿಗೇ ಬಂದು ಅದನ್ನು ಕಿತ್ತವು.